ಮೋಟಾರು ಗಾಡಿಯ ಹಾರ್ನಿನ ಫ್ಯೂಸನ್ನು ಪರೀಕ್ಷಿಸುವ ಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ತರಕಾರಿ, ಹೂವು, ದ್ರಾಕ್ಷಿ ಮೊದಲಾದ ಬೆಳೆಗಳನ್ನು ಹೊತ್ತು ಮೂಡುವುದಕ್ಕೆ ಮುಂಚೆಯೇ ಪೇಟೆಗೆ ಸಾಗಿಸುವುದು ರೂಢಿಯಾಗಿದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಈ ಪ್ರಾಂತದಲ್ಲಿ ಮುಂಜಾನೆ ಮಂಜು ದಟ್ಟವಾಗಿ ಕವಿಯುವುದುಂಟು. ಅದೇ ಕಾಲದಲ್ಲಿ ರಾಗಿಯ ಕೊಯ್ಲು ಮುಗಿದು, ಕಣವಿಲ್ಲದವರು ತೆನೆಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುತ್ತಾರೆ. ಅಂತಹ ಸ್ಥಳಕ್ಕೆ ಹಾರ್ನು ಕೆಟ್ಟ ಗಾಡಿಯು ಬಂದಲ್ಲಿ, ಬಗ್ಗಿ ಕೆಲಸಮಾಡುತ್ತಿರುವ ಹೆಂಗಸರಿಗಾಗಲಿ ಮಕ್ಕಳಿಗಾಗಲಿ ಎಚ್ಚರಿಕೆಯು ದೊರೆಯಲಾರದು. ಮೋಟಾರು ಗಾಡಿಗೆ ಹಾರ್ನು ಇರತಕ್ಕದ್ದೆಂದು 1989ನೆಯ ಇಸವಿಯ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ವ್ಯವಸಾಯದ ಟ್ರ್ಯಾಕ್ಟರೂ ಇದಕ್ಕೆ ಒಳಪಟ್ಟಿದೆ. ಹಾರ್ನು ಕೆಡಲು ಅನೇಕ ವೇಳೆ ಒಂದು ಸಣ್ಣ ಫ್ಯೂಸೇ ಕಾರಣವಾದುದರಿಂದ, ಅದನ್ನು ನೋಡುವ ಕ್ರಮವನ್ನು ಭೂಮಾಲಿಕರು ತಿಳಿದಿರುವುದು ಉಚಿತ.

ಫ್ಯೂಸಿನ ಕೆಲಸವು ಕೊಳವೆಬಾವಿಯ ಪಂಪುಸೆಟ್ಟುಳ್ಳವರಿಗೆ ಹೊಸದಲ್ಲ. ವಿದ್ಯುತ್ತು ಮಿತಿಮೀರಿ ಹರಿದಾಗ ಇದು ತಾನು ಕರಗಿ ತಂತಿಯನ್ನೂ ಯಂತ್ರವನ್ನೂ ಉಳಿಸುತ್ತದೆ.

ಸ್ಥಳವನ್ನು ಕಂಡುಹಿಡಿಯುವುದು: ಮೊದಲು ದೀಪಗಳು ಚೆನ್ನಾಗಿ ಉರಿಯುವುವೇ ಎಂದು ನೋಡಬೇಕು. ಅವೂ ಮಂಕಾಗಿದ್ದರೆ ದೋಷವು ಬ್ಯಾಟರಿಯಲ್ಲಿರಬಹುದು. ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸು ಪೆಟ್ಟಿಗೆಗಳುಂಟು. ಒಂದು ಚಾಲಕನ ಮೊಣಕಾಲಿನ ಬಳಿ ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಎಂಜಿನ್ನಿನ ಕಡೆ ಬ್ಯಾಟರಿಯ ಸಮೀಪದಲ್ಲಿ. ಮುಚ್ಚಳದ ಒಳಮೈಯಲ್ಲಾಗಲಿ ಗಾಡಿಯ ಕೈಪುಸ್ತಕದಲ್ಲಾಗಲಿ ಪ್ರತಿಯೊಂದು ಫ್ಯೂಸಿನ ಸ್ಥಾನವನ್ನು ನಕ್ಷೆಯಲ್ಲಿ ತೋರಿಸಿರುತ್ತಾರೆ. ಟ್ರ್ಯಾಕ್ಟರುಗಳಲ್ಲಿ ಸ್ಥಳವು ಬೇರೆಬೇರೆಯಾದುದರಿಂದ ಕೈಪುಸ್ತಕವನ್ನೇ ಅನುಸರಿಸಬೇಕು.

ಪರೀಕ್ಷಿಸುವುದು: ಎಂಜಿನ್ನನ್ನು ನಿಲ್ಲಿಸಿ, ಬೀಗದ ಕೈಯನ್ನು ಹೊರತೆಗೆದು, ಪೆಟ್ಟಿಗೆಯಲ್ಲಿಯೇ ಇರಿಸಿರುವ ಪ್ಲಾಸ್ಟಿಕ್ಕಿನ ಚಿಮಟದಿಂದ ಫ್ಯೂಸನ್ನು ನೇರವಾಗಿ ಎಳೆಯಬೇಕು. ಅದನ್ನು ಬೆಳಕಿಗೆ ಹಿಡಿದರೆ ಒಳಗಿನ ಲೋಹದ ಎಳೆಯು ಕಾಣುವುದು. ಎಳೆಯು ತುಂಡಾಗಿದ್ದರೆ ಫ್ಯೂಸು ಸುಟ್ಟಿದೆ. ಕಣ್ಣಿಗೆ ನಿಶ್ಚಯವಾಗದಿದ್ದಲ್ಲಿ ಫ್ಯೂಸನ್ನು ಮರಳಿ ಕೂಡಿಸಿ, ಬೀಗದ ಕೈಯನ್ನು ತಿರುಗಿಸಿ, 12 ವೋಲ್ಟಿನ ಪರೀಕ್ಷಾದೀಪದ ಒಂದು ತುದಿಯನ್ನು ಗಾಡಿಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ, ಇನ್ನೊಂದನ್ನು ಫ್ಯೂಸಿನ ನೆತ್ತಿಯ ಎರಡು ಬಿಂದುಗಳಿಗೆ ಕ್ರಮವಾಗಿ ತಾಗಿಸಬೇಕು. ಎರಡರಲ್ಲಿಯೂ ದೀಪವು ಉರಿದರೆ ಫ್ಯೂಸು ಸರಿಯಿದೆ. ಒಂದರಲ್ಲಿ ಮಾತ್ರ ಉರಿದರೆ ಕೆಟ್ಟಿದೆ. ಎರಡರಲ್ಲಿಯೂ ಉರಿಯದಿದ್ದರೆ ಅಲ್ಲಿಗೆ ವಿದ್ಯುತ್ತೇ ಬರುತ್ತಿಲ್ಲ.

ಬದಲಾಯಿಸುವುದು: ಹಳೆಯದರ ಮೇಲೆ ಯಾವ ಅಂಕಿಯಿದೆಯೋ ಅದೇ ಅಂಕಿಯ ಹೊಸದನ್ನು ಹಾಕತಕ್ಕದ್ದು. ಇವುಗಳಿಗೆ ಬಣ್ಣದ ಗುರುತೂ ಉಂಟು: 10 ಆಂಪೇರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ. ಪಂಪುಸೆಟ್ಟಿನ ಫ್ಯೂಸಿಗೆ ದಪ್ಪ ತಂತಿಯನ್ನು ಕಟ್ಟಿ ಮೋಟಾರನ್ನು ಸುಟ್ಟುಕೊಂಡವರು ಗ್ರಾಮಗಳಲ್ಲಿ ವಿರಳರಲ್ಲ. ಗಾಡಿಯಲ್ಲಿಯೂ ತಂತಿ, ಬೆಳ್ಳಿಕಾಗದ, ಹೆಚ್ಚಿನ ಅಂಕಿಯ ಫ್ಯೂಸು ಇವುಗಳನ್ನು ಉಪಯೋಗಿಸಿದರೆ, ಫ್ಯೂಸು ಕರಗುವ ಬದಲು ತಂತಿಯ ಹೊದಿಕೆಯು ಹೊತ್ತಿ ಗಾಡಿಗೇ ಬೆಂಕಿ ತಗಲಬಹುದು.

ಹೊಸ ಫ್ಯೂಸೂ ಕೂಡಲೆ ಸುಟ್ಟರೆ ಎಲ್ಲಿಯೋ ತಂತಿಯು ಲೋಹಕ್ಕೆ ತಾಗುತ್ತಿದೆಯೆಂದು ತಿಳಿಯಬೇಕು. ರಾಗಿಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ ಇಲಿಯು ತಂತಿಯನ್ನು ಕಡಿದಿರುವುದುಂಟು. ಫ್ಯೂಸು ಸರಿಯಿದ್ದೂ ಧ್ವನಿ ಬಾರದಿದ್ದರೆ ರಿಲೇ, ಹಾರ್ನಿನ ತಂತಿಯ ತುಕ್ಕು, ಇಲ್ಲವೆ ಹಾರ್ನೇ ಕಾರಣವಾಗಿರಬಹುದು. ಇಂತಹವನ್ನು ಬಲ್ಲ ವಿದ್ಯುತ್ ಮೆಕ್ಯಾನಿಕ್ಕನಿಗೆ ತೋರಿಸಬೇಕು. ಸ್ಟಿಯರಿಂಗ್ ಚಕ್ರವನ್ನು ಮಾತ್ರ ಯಾರೂ ತಾವಾಗಿ ಬಿಚ್ಚಕೂಡದು. ಏರ್‌ಬ್ಯಾಗುಳ್ಳ ಕಾರುಗಳಲ್ಲಿ ಅದು ಸಿಡಿದು ಗಾಯವಾದೀತು.

ಪ್ರತಿ ಗಾಡಿಯಲ್ಲಿಯೂ ಸಮಾನ ಅಂಕಿಯ ಎರಡು ಫ್ಯೂಸುಗಳನ್ನು ಇಟ್ಟುಕೊಂಡಿರುವುದು ಹಿತಕರ. ಒಕ್ಕಣೆಯು ಆರಂಭವಾಗುವ ಮುನ್ನ ಗ್ರಾಮದ ಮುಖಂಡರು ಊರಿನ ಗಾಡಿಗಳ ಹಾರ್ನುಗಳನ್ನು ಒಮ್ಮೆ ನೋಡಿಸಿ, ರಾಗಿಯನ್ನು ರಸ್ತೆಯ ಬದಲು ಕಣದಲ್ಲಿಯೇ ಒಕ್ಕುವಂತೆ ಏರ್ಪಡಿಸಿದರೆ, ಅಲ್ಪ ಶ್ರಮದಿಂದ ಪ್ರಾಣಹಾನಿಯು ತಪ್ಪುವುದು.