ಗೆಣಸು ಬೆರೆಸಿದ ಬಿಸಿ ಹಾಲು: ಕೊರಿಯಾದ ಪಾನೀಯ, ನಮ್ಮ ಒಲೆ



ಧನುರ್ಮಾಸದ ಚಳಿ ಶುರುವಾದರೆ ನಂಜನಗೂಡು, ತಿ. ನರಸೀಪುರದ ಸಂತೆಗಳಲ್ಲಿ ಗೆಣಸಿನ ರಾಶಿ ಕಾಣುತ್ತದೆ. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಒಂದಷ್ಟು ಬೇಯಿಸಿ ತಿಂದರೆ ಹೆಚ್ಚಿನ ಮನೆಗಳಲ್ಲಿ ಗೆಣಸಿನ ಕಥೆ ಮುಗಿಯಿತು. ಉಳಿದದ್ದು ಅಡುಗೆಮನೆಯ ಮೂಲೆಯಲ್ಲಿ ಬಿದ್ದು ಮೊಳಕೆ ಬರುತ್ತದೆ, ಕೊನೆಗೆ ಹಸುವಿನ ಗೋದಲಿ ಸೇರುತ್ತದೆ. ಗೋದಲಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಪಶುವೈದ್ಯೆಯಾಗಿ ಅಲ್ಲಿ ಹೇಳಲೇಬೇಕಾದ ಮಾತುಗಳಿವೆ. ಮೊದಲು ಗೆಣಸು ಮತ್ತು ಹಾಲು ಎರಡನ್ನೂ ಸೇರಿಸಿ ಮಾಡುವ ಒಂದು ಬಿಸಿ ಪಾನೀಯದ ಬಗ್ಗೆ ಹೇಳುತ್ತೇನೆ.

ಕಾಲುಬಾಯಿ ಜ್ವರದ ಲಸಿಕೆಗೆಂದು ತಿ. ನರಸೀಪುರ ತಾಲ್ಲೂಕಿನ ಒಂದು ಮಹಿಳಾ ಸಂಘಕ್ಕೆ ಹೋಗಿದ್ದಾಗ ಸದಸ್ಯೆಯೊಬ್ಬರು ಕೇಳಿದರು: "ಮೇಡಂ, ಗೆಣಸ್ನ ಹಾಲಿಗೆ ಹಾಕ್ಕೊಂಡು ಕುಡೀತಾರಂತಲ್ಲ, ನಮ್ಮ ಹುಡುಗಿ ಮೊಬೈಲ್‌ನಲ್ಲಿ ತೋರಿಸಿದ್ಲು. ಹಾಲು ಒಡೆಯಲ್ವಾ?" ಒಡೆಯುವುದಿಲ್ಲ. ಗೆಣಸಿನಲ್ಲಿ ಹುಣಸೆ, ನಿಂಬೆಯಂಥ ಹುಳಿ ಇಲ್ಲ. ಹಾಲು ಒಡೆದರೆ ಅದಕ್ಕೆ ಕಾರಣ ಬೆಲ್ಲ, ಇಲ್ಲವೇ ಹಳಸಲು ಹಾಲು.

ಆ ಹುಡುಗಿ ತೋರಿಸಿದ್ದು ಕೊರಿಯಾ ದೇಶದ ಪಾನೀಯ. ಅಲ್ಲಿ ಗೆಣಸಿಗೆ ಗೊಗುಮಾ ಎನ್ನುತ್ತಾರೆ, ಈ ಪಾನೀಯಕ್ಕೆ ಗೊಗುಮಾ ಲಾಟೆ. ಲಾಟೆ ಎಂದ ಕೂಡಲೇ ಕಾಫಿ ಎಂದುಕೊಳ್ಳಬೇಡಿ. ಇಟಲಿಯ ಭಾಷೆಯಲ್ಲಿ ಆ ಮಾತಿಗೆ ಹಾಲು ಎಂದಷ್ಟೇ ಅರ್ಥ. ಇದರಲ್ಲಿ ಕಾಫಿಪುಡಿಯೂ ಇಲ್ಲ, ಟೀಪುಡಿಯೂ ಇಲ್ಲ. ಹಾಗಾಗಿ ಸಂಜೆ ಮಕ್ಕಳಿಗೂ ಕೊಡಬಹುದು. ಗೆಣಸು ಮೂಲದಲ್ಲಿ ಅಮೆರಿಕ ಖಂಡದ ಗಡ್ಡೆ, ನಮಗೂ ಹೊರಗಿನಿಂದಲೇ ಬಂದದ್ದು. ಕೊರಿಯಾಕ್ಕೆ ಅದು ಹೋದದ್ದು 1763ರಲ್ಲಿ. ಜಪಾನಿಗೆ ರಾಯಭಾರಿಯಾಗಿ ಹೋಗಿದ್ದ ಜೋ ಒಮ್ ಎಂಬ ಅಧಿಕಾರಿ ದಾರಿಯಲ್ಲಿ ಸಿಕ್ಕ ತ್ಸುಶಿಮಾ ದ್ವೀಪದಲ್ಲಿ ಈ ಗಡ್ಡೆ ಕಂಡು, ಬರಗಾಲದಲ್ಲಿ ಜನರ ಹೊಟ್ಟೆ ತುಂಬಿಸೀತು ಎಂದು ತನ್ನ ನಾಡಿಗೆ ತರಿಸಿದ. ಈಗಲೂ ಅಲ್ಲಿ ಚಳಿಗಾಲದಲ್ಲಿ ಬೀದಿಬದಿ ಡ್ರಮ್ಮಿನ ಒಲೆಯಲ್ಲಿ ಸುಟ್ಟ ಗೆಣಸು ಮಾರುತ್ತಾರೆ. ನಮ್ಮ ಹಿರಿಯರು ನೀರೊಲೆಯ ಬೂದಿಯಲ್ಲಿ ಹುದುಗಿಸಿಡುತ್ತಿದ್ದರಲ್ಲ, ಅದೇ ಕೆಲಸ.

ಆ ಬೂದಿಯ ವಿಧಾನವೇ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಗೆಣಸಿನೊಳಗೇ ಒಂದು ಕಿಣ್ವವಿದೆ. ಗಡ್ಡೆ ನಿಧಾನವಾಗಿ ಬಿಸಿಯಾಗುವಾಗ ಅದು ಪಿಷ್ಟವನ್ನು ಸಕ್ಕರೆಯಾಗಿ ಮಾಡುತ್ತದೆ. ಬಿಸಿ ತೀರಾ ಬೇಗ ಏರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದ ಗೆಣಸಿಗಿಂತ ಬಿಸಿ ಬೂದಿಯಲ್ಲಿ ಮುಕ್ಕಾಲು ಗಂಟೆ ಬೆಂದ ಗೆಣಸು ಸಿಹಿಯಾಗಿರುವುದು ಈ ಕಾರಣಕ್ಕೆ. ಕಿತ್ತ ದಿನವೇ ಬೇಯಿಸುವುದಕ್ಕಿಂತ ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಇಟ್ಟ ಗಡ್ಡೆಗೂ ಸಿಹಿ ಹೆಚ್ಚು. ಸೌದೆ ಒಲೆ ಇಲ್ಲದವರು ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹಬೆಗೆ ಇಡಿ. ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ರುಚಿ ನೀರಿಗೆ ಹೋಗುತ್ತದೆ.

ಎರಡು ದೊಡ್ಡ ಲೋಟಕ್ಕೆ ಸುಮಾರು 200 ಗ್ರಾಂ ಗೆಣಸು, ಅಂದರೆ ಮಧ್ಯಮ ಗಾತ್ರದ ಒಂದು ಗಡ್ಡೆ, ಮತ್ತು 400 ಮಿ.ಲೀ. ಹಾಲು ಸಾಕು. ಹಾಲನ್ನು ಮೊದಲೇ ಚೆನ್ನಾಗಿ ಉಕ್ಕಿಸಿಟ್ಟುಕೊಳ್ಳಿ. ಬೆಂದ ಗೆಣಸಿನ ಸಿಪ್ಪೆ ಸುಲಿದು, ನಾರು ಇದ್ದರೆ ಎಳೆದು ತೆಗೆದು, ಬಿಸಿ ಇರುವಾಗಲೇ ಹಿಸುಕಿ. ಅರ್ಧ ಲೋಟ ಹಾಲು ಸೇರಿಸಿ ಮಿಕ್ಸಿಗೆ ಹಾಕಿ, ಇಲ್ಲವೇ ಮಜ್ಜಿಗೆ ಕಡೆಯುವ ಕಡೆಗೋಲಿನಿಂದ ಗಂಟಿಲ್ಲದಂತೆ ಕಡೆಯಿರಿ. ಇದನ್ನು ಉಳಿದ ಹಾಲಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಡದೆ ಕೈಯಾಡಿಸಿ. ಪಿಷ್ಟ ಇರುವುದರಿಂದ ತಳ ಹಿಡಿಯುವುದು ಬೇಗ. ಉಪ್ಪು ಯಾಕೆ ಎನ್ನಬೇಡಿ, ಚಿಟಿಕೆ ಉಪ್ಪಿನಿಂದ ಸಿಹಿ ಎದ್ದು ಕಾಣುತ್ತದೆ. ಕೊರಿಯಾದವರು ಮೇಲೆ ಚೆಕ್ಕೆಪುಡಿ ಉದುರಿಸುವುದುಂಟು, ನಮ್ಮ ನಾಲಿಗೆಗೆ ಏಲಕ್ಕಿಯೇ ಸರಿ. ಸಿಹಿ ಸಾಲದೆನಿಸಿದರೆ ಒಂದು ಚಮಚ ಬೆಲ್ಲದ ಪುಡಿ, ಅದೂ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಗಟ್ಟಿಯಾದರೆ ಇನ್ನಷ್ಟು ಹಾಲು ಸೇರಿಸಿ, ನೀರು ಬೇಡ. ಉಳಿದದ್ದನ್ನು ರಾತ್ರಿಗೆ ಎತ್ತಿಡಬೇಡಿ, ಪಿಷ್ಟ ಬೆರೆತ ಹಾಲು ಬರೀ ಹಾಲಿಗಿಂತ ಬೇಗ ಹುಳಿಯಾಗುತ್ತದೆ.

ಸಂತೆಯಲ್ಲಿ ಆಯ್ಕೆ ಇದ್ದರೆ ಒಳಗೆ ಕಿತ್ತಳೆ ಬಣ್ಣದ ಗೆಣಸು ಆರಿಸಿ. ಆ ಬಣ್ಣ ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್‌ನದೇ. ದೇಹ ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ, ಕಣ್ಣಿಗೆ ಅದು ಬೇಕು. ಹಾಲಿನ ಕೊಬ್ಬು ಜೊತೆಗಿದ್ದರೆ ಅದು ಮೈಗೆ ಹತ್ತುವುದೂ ಸುಲಭ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಭೂ ಸೋನಾ ಎಂಬ ಕಿತ್ತಳೆ ತಳಿಯನ್ನೂ ಭೂ ಕೃಷ್ಣ ಎಂಬ ನೇರಳೆ ತಳಿಯನ್ನೂ ಬಿಡುಗಡೆ ಮಾಡಿದೆ. ಹಿತ್ತಲಲ್ಲಿ ನಾಲ್ಕು ಬಳ್ಳಿ ಹಾಕುವ ಮನಸ್ಸಿದ್ದವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಬಿಳಿ ಗೆಣಸಿನಲ್ಲಿ ಈ ಅಂಶ ತೀರಾ ಕಡಿಮೆ, ಆದರೂ ಪಾನೀಯದ ರುಚಿಗೆ ಕೊರತೆಯಿಲ್ಲ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಟ್ಟು ಸಣ್ಣ ಲೋಟದಲ್ಲಿ, ಅದೂ ಊಟದ ಬದಲಿಗೆ ಮಾತ್ರ ಕುಡಿಯಲಿ. ವರ್ಷ ತುಂಬದ ಕೂಸಿಗೆ ಹಸುವಿನ ಹಾಲಿನ ಪಾನೀಯ ಬೇಡ.

ಈಗ ನಿಜವಾದ ಕಷ್ಟ. ಈ ಪಾನೀಯಕ್ಕೆ ಬೇಕಾದ 400 ಮಿ.ಲೀ. ಹಾಲು ಮನೆಯಲ್ಲಿ ಇದೆಯೇ? ಎರಡು ಸೀಮೆಹಸು ಕಟ್ಟಿ ದಿನಕ್ಕೆ ಹದಿನೈದು ಲೀಟರ್ ಡೈರಿಗೆ ಹಾಕುವ ಮನೆಯಲ್ಲೂ ಟೀಗೆಂದು ಒಂದು ಪಾವು ಉಳಿಸಿಕೊಂಡು ಉಳಿದದ್ದನ್ನೆಲ್ಲ ಕ್ಯಾನಿಗೆ ಸುರಿಯುವುದನ್ನು ನಾನು ನೋಡುತ್ತಲೇ ಇದ್ದೇನೆ. ಉಳಿದ ಆ ಪಾವಿನಲ್ಲಿ ಮನೆಯ ಹೆಂಗಸಿನ ಪಾಲು ಎಷ್ಟು ಎಂದು ಕೇಳಿದರೆ ನಗುತ್ತಾರೆ. ನೀವು ಹಾಕಿದ ಹಾಲು ಪುಡಿಯಾಗಿ ಶಾಲೆಗೆ ಹೋಗಿ, 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳ ಲೋಟಕ್ಕೆ 150 ಮಿ.ಲೀ. ಹಾಲಾಗಿ ಬರುತ್ತದೆ. ಅದೇ ಹಾಲನ್ನು ಬೆಳಗಿನ ಜಾವ ಎದ್ದು ಕರೆದವರ ಲೋಟ ಖಾಲಿ. ಹಸು ಕರು ಹಾಕಿದಾಗ ಮೈಯಲ್ಲಿ ಕ್ಯಾಲ್ಸಿಯಂ ಇಳಿದು ಕೂತುಬಿಟ್ಟರೆ ರಾತ್ರಿ ಹನ್ನೊಂದಕ್ಕಾದರೂ ಫೋನ್ ಮಾಡುತ್ತೀರಿ, ಮಾಡಲೇಬೇಕು. ನಿಮ್ಮ ಸೊಂಟನೋವಿಗೆ, ಮಂಡಿನೋವಿಗೆ ಯಾರೂ ಫೋನ್ ಮಾಡುವುದಿಲ್ಲ. ಬೆಳೆದ ಹೆಂಗಸಿಗೆ ದಿನಕ್ಕೆ ಸುಮಾರು 1,000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 200 ಮಿ.ಲೀ. ಹಸುವಿನ ಹಾಲಿನಲ್ಲಿ ಅದರ ಕಾಲು ಭಾಗದಷ್ಟು ಸಿಗುತ್ತದೆ, ಆರು ಗ್ರಾಂ ಮೀರಿ ಪ್ರೋಟೀನ್ ಕೂಡ.

ಇಷ್ಟು ಹೇಳಿ ಇದು ಎಲ್ಲಕ್ಕೂ ಮದ್ದು ಎನ್ನಲಾರೆ. ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಅದಕ್ಕೆ ಸೊಪ್ಪು, ಕಾಳು, ಮಾಂಸ ತಿನ್ನುವವರಿಗೆ ಮಾಂಸ, ಆಶಾ ಕಾರ್ಯಕರ್ತೆ ಕೊಡುವ ಮಾತ್ರೆ ಬೇಕು. ಕಬ್ಬಿಣದ ಮಾತ್ರೆಯನ್ನು ಈ ಹಾಲಿನ ಜೊತೆ ನುಂಗಬೇಡಿ. ಎರಡರ ನಡುವೆ ಎರಡು ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಮನೆಗೆ ಉಳಿಸಿಕೊಳ್ಳುವ ಹಾಲು ಯಾವುದು ಎನ್ನುವುದೂ ಮುಖ್ಯ. ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಡಿಸಿದ ಹಸುವಿನ ಹಾಲನ್ನು ಡೈರಿಯವರು ತೆಗೆದುಕೊಳ್ಳುವುದಿಲ್ಲ ಎಂದು ಮನೆಗೆ ಇಟ್ಟುಕೊಳ್ಳುವ ರೂಢಿ ಕೆಲವು ಕಡೆ ಇದೆ. ಡೈರಿಗೆ ಬೇಡವಾದ ಹಾಲು ನಿಮ್ಮ ಮಕ್ಕಳಿಗೂ ಬೇಡ. ಆ್ಯಂಟಿಬಯೋಟಿಕ್ ಕುದಿಸಿದರೆ ಪೂರ್ತಿ ಹೋಗುವುದಿಲ್ಲ. ಎಷ್ಟು ದಿನ ಬಿಡಬೇಕೆಂದು ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ದಿನ ತುಂಬುವ ಮೊದಲೇ ಕಂದು ಹಾಕಿದ ಹಸುವಿದ್ದರೆ ಅದಕ್ಕೆ ಬ್ರೂಸೆಲ್ಲಾ ರೋಗವಿರಬಹುದು. ಅದರ ಹಸಿ ಹಾಲಿನಿಂದ, ಕಂದಿನಿಂದ, ಸತ್ತೆಯಿಂದ ಮನುಷ್ಯರಿಗೂ ರೋಗ ಹರಡುತ್ತದೆ, ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ, ಕೀಲುನೋವು ಕಾಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಪರೀಕ್ಷೆ ಮಾಡಿಸಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಇದೆ, ಒಮ್ಮೆ ಹಾಕಿಸಿದರೆ ಸಾಕು.

ಇನ್ನು ಗೋದಲಿಯ ಮಾತು. ಗೆಣಸಿನ ಬಳ್ಳಿ ಒಳ್ಳೆಯ ಹಸಿರು ಮೇವು, ಎಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ. ಕತ್ತರಿಸಿ, ಸ್ವಲ್ಪ ಬಾಡಿಸಿ, ಒಣಹುಲ್ಲಿನ ಜೊತೆ ಎರಡು ಮೂರು ಕೆ.ಜಿ.ಯಿಂದ ಶುರುಮಾಡಿ. ಗಡ್ಡೆಯನ್ನು ಮಾತ್ರ ಇಡಿಯಾಗಿ ಎಸೆಯಬೇಡಿ. ಹಸು ಅಗಿಯದೆ ನುಂಗಿದರೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜೊಲ್ಲು ಸುರಿಯುತ್ತದೆ, ಕತ್ತು ಚಾಚಿ ಕೆಮ್ಮುತ್ತದೆ, ತೇಗು ಬರದೆ ಎಡಪಕ್ಕೆ ಉಬ್ಬುತ್ತದೆ. ಕೋಲು ಹಾಕಿ ತಳ್ಳಬೇಡಿ, ಎಣ್ಣೆ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ ನಮಗೆ ಅಥವಾ 1962ಕ್ಕೆ ಫೋನ್ ಮಾಡಿ. ಸಣ್ಣಗೆ ಹೆಚ್ಚಿ ಕೊಟ್ಟರೂ ದಿನಕ್ಕೆ ಒಂದೆರಡು ಕೆ.ಜಿ. ಮೀರದಿರಲಿ. ಸಂಕ್ರಾಂತಿಯ ಮರುದಿನ ಪೊಂಗಲ್ಲು, ಅನ್ನ, ಗೆಣಸು ಎಲ್ಲವನ್ನೂ ಪ್ರೀತಿಯಿಂದ ತಿನ್ನಿಸಿ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಮಲಗಿದ ಹಸುಗಳನ್ನು ಪ್ರತಿ ವರ್ಷ ನೋಡುತ್ತೇವೆ.

ಎಲ್ಲಕ್ಕಿಂತ ಅಪಾಯ ಕಪ್ಪು ಬಿದ್ದ ಗೆಣಸು. ಬೂಷ್ಟು ಹಿಡಿದಾಗ, ಮೂತಿಹುಳು ಕೊರೆದಾಗ ಗಡ್ಡೆ ತನ್ನನ್ನು ಕಾಪಾಡಿಕೊಳ್ಳಲು ಕಹಿ ವಸ್ತುಗಳನ್ನು ತಯಾರಿಸುತ್ತದೆ. ಬೂಷ್ಟಿನ ಜೊತೆ ಸೇರಿ ಅದರಲ್ಲಿ ಕೆಲವು ಹಸುವಿನ ಶ್ವಾಸಕೋಶಕ್ಕೆ ವಿಷವಾಗುತ್ತವೆ. ತಿಂದ ಒಂದೆರಡು ದಿನದಲ್ಲಿ ಹಸು ಬಾಯಿ ತೆರೆದು ಏದುಸಿರು ಬಿಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಅನೇಕ ಬಾರಿ ಉಳಿಯುವುದಿಲ್ಲ. ಈ ವಿಷಕ್ಕೆ ನಿರ್ದಿಷ್ಟ ಪ್ರತಿಮದ್ದಿಲ್ಲ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ನಿಮ್ಮ ಪಾನೀಯಕ್ಕೆ ಬೇಯಿಸಿದ ಗೆಣಸು ಕಹಿಯೆನಿಸಿದರೂ ಅಷ್ಟೇ, ಉಗಿದು ಎಸೆಯಿರಿ. ಇಂಥ ಗಡ್ಡೆ, ಅದರ ಸಿಪ್ಪೆ ಯಾವುದನ್ನೂ ಕಲಗಚ್ಚಿನ ಬಾನಿಗೆ ಹಾಕಬೇಡಿ, ಬಿಟ್ಟ ದನಗಳು ಕೆದಕುವ ತಿಪ್ಪೆಯ ಮೇಲೂ ಬೇಡ. ಗುಂಡಿ ತೆಗೆದು ಹೂಳಿ, ಮೇಲೆ ಮಣ್ಣು ಮುಚ್ಚಿ.