ಕೊಡಗಿನ ಕಾಫಿ ಬೆಲೆ ಮತ್ತು ಅಮೆರಿಕದ ವಿದೇಶಾಂಗ ನೀತಿ

ಕೊಡಗಿನ ಬೆಳೆಗಾರನ ಕಾಫಿಗೆ ಬೆಲೆ ನಿರ್ಧಾರವಾಗುವುದೆಲ್ಲಿ? ಬ್ರೆಜಿಲ್‌ನ ಹವಾಮಾನ, ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆ ಎಂಬ ಉತ್ತರ ಸರಿಯೇ. ಆದರೆ ಶೀತಲ ಸಮರದ ಕಾಲದಲ್ಲಿ ಆ ಬೆಲೆಗೆ ಆಸರೆಯಾಗಿದ್ದುದು ಅಮೆರಿಕದ ಕಮ್ಯುನಿಸಂ ಭೀತಿ.

1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. ಲ್ಯಾಟಿನ್ ಅಮೆರಿಕದ ಹಲವು ರಾಷ್ಟ್ರಗಳಿಗೆ ಕಾಫಿ ರಫ್ತೇ ಜೀವನಾಧಾರವಾಗಿತ್ತು, ಬೆಲೆಯೋ ಕುಸಿದಿತ್ತು. ಕಂಗೆಟ್ಟ ರೈತರು ಕ್ಯೂಬಾದ ದಾರಿ ಹಿಡಿದಾರೆಂದು ಅಳುಕಿದ ಕೆನಡಿ ಆಡಳಿತ, ಮುಕ್ತ ಮಾರುಕಟ್ಟೆಯ ತತ್ವವನ್ನು ಬದಿಗಿರಿಸಿ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವನ್ನು ಬೆಂಬಲಿಸಿತು. ಪ್ರತಿ ಉತ್ಪಾದಕ ರಾಷ್ಟ್ರಕ್ಕೂ ರಫ್ತು ಕೋಟಾ ನಿಗದಿಯಾಯಿತು. ಬೆಲೆ ಇಳಿದರೆ ಕೋಟಾ ಕಡಿತ, ಏರಿದರೆ ಹೆಚ್ಚಳ. 1970ರ ದಶಕದಲ್ಲಿ ಅಮಾನತಿನಲ್ಲಿದ್ದ ಕೋಟಾ 1980ರಲ್ಲಿ ಮರಳಿತು. ಸದಸ್ಯನಾಗಿದ್ದ ಭಾರತಕ್ಕೂ, ಅದರ ಮೂಲಕ ಕೊಡಗಿಗೂ ಇದರ ಲಾಭ ದೊರೆಯಿತು.

ಇನ್ನೊಂದೆಡೆ, ಬೆಳೆಗಾರರಿಂದ ಕಾಫಿಯನ್ನು ಸಂಗ್ರಹಿಸಿ ಮಾರುತ್ತಿದ್ದುದು ಕಾಫಿ ಮಂಡಳಿ. ಒಪ್ಪಂದದ ಹೊರಗಿದ್ದ ಸೋವಿಯತ್ ಒಕ್ಕೂಟ ರೂಪಾಯಿ ವ್ಯಾಪಾರದಡಿ ಭಾರತದ ಕಾಫಿಗೆ ದೊಡ್ಡ ಗ್ರಾಹಕ. ಹೀಗೆ ಎದುರಾಳಿ ಮಹಾಶಕ್ತಿಗಳೆರಡೂ ಕೊಡಗಿನ ತೋಟಗಳಿಗೆ ಆಸರೆಯಾಗಿದ್ದವು.

ಎರಡು ವರ್ಷಗಳ ಅಂತರದಲ್ಲಿ ಎರಡೂ ಕಳಚಿದವು. ಸದಸ್ಯೇತರ ರಾಷ್ಟ್ರಗಳಿಗೆ ಅಗ್ಗದ ದರದಲ್ಲಿ ಕಾಫಿ ಮಾರಾಟವಾಗುತ್ತಿದೆ ಎಂಬುದು ಅಮೆರಿಕದ ಆಕ್ಷೇಪಗಳಲ್ಲೊಂದಾಗಿತ್ತು. ಕಮ್ಯುನಿಸಂ ಭೀತಿ ತಗ್ಗಿದ್ದರಿಂದ ಒಪ್ಪಂದವನ್ನು ಉಳಿಸುವ ಆಸಕ್ತಿಯೂ ಅದಕ್ಕಿರಲಿಲ್ಲ. 1989ರ ಜುಲೈನಲ್ಲಿ ಕೋಟಾ ರದ್ದಾಯಿತು. ಕೆಲವೇ ತಿಂಗಳಲ್ಲಿ ವಿಶ್ವ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಅಳಿಯಿತು. 1996ರ ಹೊತ್ತಿಗೆ ಕಾಫಿ ಮಂಡಳಿಯ ಸಂಗ್ರಹ ವ್ಯವಸ್ಥೆಯೂ ಕೊನೆಗೊಂಡು, ಬೆಳೆಗಾರ ನೇರವಾಗಿ ಮಾರುಕಟ್ಟೆಗಿಳಿದ. 1994ರಲ್ಲಿ ಬ್ರೆಜಿಲ್‌ನ ಬೆಳೆ ನಾಶದಿಂದ ಬೆಲೆ ಏರಿದ್ದು ನಿಜ. ಆದರೆ 2001ರಲ್ಲಿ ವಿಶ್ವ ಸರಾಸರಿ ಬೆಲೆ ಪೌಂಡಿಗೆ 45 ಸೆಂಟ್‌ಗಳ ಆಸುಪಾಸಿಗೆ ಕುಸಿದಾಗ ಕೊಡಗಿನ ಬೆಳೆಗಾರರು ಸಾಲದಲ್ಲಿ ಮುಳುಗಿದರು.

ಅಮೆರಿಕ 1993ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯನ್ನು ತೊರೆದು, 2005ರಲ್ಲಿ ಮರಳಿ, 2018ರಲ್ಲಿ ಮತ್ತೆ ಹೊರನಡೆಯಿತು. 2025ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಆಂತರಿಕ ರಾಜಕೀಯವನ್ನು ಮುಂದಿಟ್ಟು ಅಲ್ಲಿನ ಕಾಫಿಯ ಮೇಲೂ ಹೆಚ್ಚುವರಿ ಸುಂಕ ಹೇರಿ, ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು.

ಮಹಾಶಕ್ತಿಯ ನೀತಿ ರೂಪುಗೊಳ್ಳುವುದು ಅದರ ಹಿತಕ್ಕಾಗಿಯೇ ಹೊರತು ಬೆಳೆಗಾರನಿಗಾಗಿ ಅಲ್ಲ. ಆ ನೀತಿ ಕೊಟ್ಟ ಆಸರೆಯನ್ನು ಶಾಶ್ವತವೆಂದು ನಂಬಿದವರು 1989ರಲ್ಲಿ ಬೆಲೆ ತೆತ್ತರು.