ಗಳಿಕೆಯ ಧರ್ಮ, ಕೊಡುಗೆಯ ಧರ್ಮ

ವ್ಯಾಪಾರದಲ್ಲಿ ಔದಾರ್ಯವೆಂದೊಡನೆ ಛತ್ರ ಕಟ್ಟಿಸಿದ, ಶಾಲೆಗೆ ಹಣ ಕೊಟ್ಟ ವರ್ತಕನ ಚಿತ್ರವೇ ನಮ್ಮ ಕಣ್ಮುಂದೆ ನಿಲ್ಲುತ್ತದೆ. ಏನು ಕೊಟ್ಟನೆಂದು ಕೇಳುತ್ತೇವೆ; ಹೇಗೆ ಗಳಿಸಿದನೆಂದು ಕೇಳುವುದು ಅಪರೂಪ. ಈ ಎರಡು ಪ್ರಶ್ನೆಗಳನ್ನೂ ಬೇರ್ಪಡಿಸಲೊಪ್ಪದ ಹಳೆಯ ವಿಚಾರಧಾರೆಯೊಂದು ಕ್ರೈಸ್ತರಲ್ಲಿ ಉಂಟು.

ಲೂಕನ ಸುವಾರ್ತೆಯಲ್ಲಿ ಜಕ್ಕಾಯನೆಂಬ ಶ್ರೀಮಂತ ಸುಂಕದವನ ಕಥೆ ಬರುತ್ತದೆ. ಯೇಸುವನ್ನು ಮನೆಗೆ ಬರಮಾಡಿಕೊಂಡ ಈತನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿ ಹೇಳಿ ಸುಮ್ಮನಾಗುವುದಿಲ್ಲ. ಅನ್ಯಾಯವಾಗಿ ಕಿತ್ತುಕೊಂಡದ್ದೇನಾದರೂ ಇದ್ದರೆ ಅದರ ನಾಲ್ಕರಷ್ಟನ್ನು ಹಿಂದಿರುಗಿಸುವುದಾಗಿಯೂ ಮಾತು ಕೊಡುತ್ತಾನೆ. ಮೊದಲನೆಯದು ದಾನ, ಎರಡನೆಯದು ಸಾಲದ ತೀರುವಳಿ.

ಇದೇ ವಿಚಾರವನ್ನು ಅಂಗಡಿಯ ಮಾತಿನಲ್ಲಿ ಬಿಡಿಸಿ ಹೇಳಿದವರು ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿ. ಹಣದ ಬಳಕೆಯನ್ನು ಕುರಿತು ಅವರು 1760ರಲ್ಲಿ ಪ್ರಕಟಿಸಿದ ಪ್ರವಚನದಲ್ಲಿ ಗಳಿಕೆ, ಉಳಿಕೆ, ಕೊಡುಗೆ ಎಂಬ ಮೂರು ಮೆಟ್ಟಿಲುಗಳಿವೆ. ಶಕ್ತಿಯಿದ್ದಷ್ಟು ಗಳಿಸುವುದು ತಪ್ಪಲ್ಲ. ಆದರೆ ಅದರಿಂದ ನೆರೆಯವನ ಮೈಗಾಗಲಿ, ಮನಸ್ಸಿಗಾಗಲಿ, ಬದುಕಿಗಾಗಲಿ ಕೇಡು ತಟ್ಟಬಾರದು. ಪಕ್ಕದವನ ವ್ಯಾಪಾರವನ್ನು ಕೆಡಿಸಲೆಂದು ಪೇಟೆಯ ದರಕ್ಕಿಂತ ಇಳಿಸಿ ಮಾರುವುದು, ಅವನಿಗೆ ಬೇಕಾದ ಆಳುಗಳನ್ನು ಸೆಳೆದುಕೊಳ್ಳುವುದು ಅವರಿಗೆ ಸಮ್ಮತವಲ್ಲ. ಮೊದಲ ಮೆಟ್ಟಿಲು ಜಾರಿದರೆ ಮೂರನೆಯದನ್ನು ಏರಿದರೂ ಫಲವೇನು?

ಆಚರಣೆಯಲ್ಲಿ ಇದೆಷ್ಟು ಕಠಿಣವೆಂಬುದಕ್ಕೆ ಇಂಗ್ಲೆಂಡಿನ ಕ್ಯಾಡ್ಬರಿ ಮನೆತನವೇ ನಿದರ್ಶನ. ಇವರು ಕ್ವೇಕರ್ ಪಂಥದವರು. ರಿಚರ್ಡ್ ಮತ್ತು ಜಾರ್ಜ್ ಸೋದರರು 1879ರಲ್ಲಿ ತಮ್ಮ ಚಾಕೊಲೇಟ್ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಮ್ ನಗರದ ಇಕ್ಕಟ್ಟಿನಿಂದ ಹೊರಗೆ, ಬೋರ್ನ್‌ವಿಲ್ಲಿಗೆ ಸಾಗಿಸಿದರು. ಅಲ್ಲಿ ಜಾರ್ಜ್ ಕ್ಯಾಡ್ಬರಿಯವರು ಕೈತೋಟಗಳುಳ್ಳ ಮನೆಗಳ ಗ್ರಾಮವನ್ನೇ ಕಟ್ಟಿಸಿ, 1900ರಲ್ಲಿ ಅದನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು.

ಮರುವರ್ಷವೇ ಕಹಿಸುದ್ದಿಯೊಂದು ಅವರ ಕಿವಿಗೆ ಬಿತ್ತು. ತಾವು ಕೊಳ್ಳುತ್ತಿದ್ದ ಕೋಕೋ ಬೀಜದ ಒಂದು ಪಾಲು, ಪೋರ್ಚುಗೀಸರ ಆಳ್ವಿಕೆಯ ಸಾವೊ ತೋಮೆ ದ್ವೀಪದಲ್ಲಿ, ಅಂಗೋಲದಿಂದ ಒಯ್ದ ಗುಲಾಮರಂಥ ಕೂಲಿಗಳ ದುಡಿಮೆಯಿಂದ ಬೆಳೆದದ್ದು! ಸಂಸ್ಥೆ ವಿಚಾರಣೆ ನಡೆಸಿತು, ಸರಕಾರಕ್ಕೆ ಮೊರೆಯಿಟ್ಟಿತು. ಗಿರಾಕಿಯಾಗಿ ಉಳಿದರೆ ತನ್ನ ಮಾತಿಗೆ ಬೆಲೆಯಿರುವುದೆಂದು ನಂಬಿ ಖರೀದಿಯನ್ನು ಮಾತ್ರ ಮುಂದುವರಿಸಿತು. ಅದು ನಿಂತದ್ದು 1909ರಲ್ಲಿ. ಇದು ಬೂಟಾಟಿಕೆಯೆಂದು ಬರೆದ ಪತ್ರಿಕೆಯೊಂದರ ಮೇಲೆ ಸಂಸ್ಥೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯೂ ಅದೇ ವರ್ಷ ತೀರ್ಮಾನವಾಯಿತು. ಜ್ಯೂರಿ ಸಂಸ್ಥೆಯ ಪರವಾಗಿಯೇ ನಿಂತಿತು. ಆದರೆ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ!

ಬೋರ್ನ್‌ವಿಲ್ಲಿನ ಕೈತೋಟಗಳೂ ನಿಜ, ದ್ವೀಪದ ಕೂಲಿಗಳ ಸಂಕಟವೂ ನಿಜ. ವೆಸ್ಲಿಯವರು ಹೇಳಿದ ನೆರೆಯವನು ಸಮುದ್ರದಾಚೆಯೂ ಇದ್ದಾನೆಂಬುದನ್ನು ಒಳ್ಳೆಯವರೂ ತಡವಾಗಿ ಕಂಡುಕೊಂಡರು. ಕೊಡುವ ಕೈಯ ಲೆಕ್ಕ ಕೊಳ್ಳುವ ಕೈಯಿಂದಲೇ ಆರಂಭವಾಗಬೇಕು. ವರ್ತಕನಿಗೆ ಸಲ್ಲುವ ಈ ಮಾತು, ಸಂತೆಗೆ ಚೀಲ ಹಿಡಿದು ಹೊರಡುವ ನಮಗೂ ಸಲ್ಲುತ್ತದೆ.